ಎರವಲು ಕಾವಲು

ವಡಾರವಾಡಿಯಿಂದ ಬಂದಳು ತಾಯಿ,
ಸೊಂಟದ ಮೇಲೆ ಆರು ವರ್ಷದ ಹುಲುಗಪ್ಪ.
ಕೆನ್ನೆಯಲ್ಲಿ ನಾಯಿಯ ನಾಲ್ಕು ಹಲ್ಲು,
ಅದರ ಮೇಲೆ ಅರಿಸಿನ, ಅರಿಸಿನದ ಮೇಲೆ ಖಾರಪುಡಿ.
ನಲ್ಲಿಯ ಕೆಳಗೆ ಹಿಡಿದು ಕಾಲು ತಾಸು ತೊಳೆದೆ.
ಮರಾಠಿಯಲ್ಲಿ ಬೈದ,
ಕನ್ನಡದಲ್ಲಿ ಅತ್ತ.

ಫ್ರಿಜ್ಜಿನಿಂದ ತೆಗೆದೆ ಹೆಬ್ಬೆರಳುದ್ದದ ಬಾಟಲಿ.
ಲೇಬಲ್ಲಿನ ಇರುವೆಸಾಲು ಹೇಳುತ್ತದೆ:
ಇದು ಕುದುರೆಯದು.

ನನಗೆ ಕುದುರೆ ಗೊತ್ತು.
ಅಪ್ಪ, ಆಳಂದದ ಲಾಡ್ಲೇಸಾಬ,
ಪುಣೆಯಾಚೆಯ ಲಾಯದಲ್ಲಿ ಇಪ್ಪತ್ತೆಂಟು ವರ್ಷ ಲದ್ದಿ ಎತ್ತಿದವನು.
ರೇಸಿನವಲ್ಲ ಅವು, ಟಾಂಗಾದವೂ ಅಲ್ಲ,
ನಿಂತಿರುವುದೇ ಅವುಗಳ ನೌಕರಿ.
ಸತ್ತ ರೋಗವನ್ನು ತುಸುತುಸುವೇ ಚುಚ್ಚಿ
ಮೈ ಅದನ್ನು ಬಾಯಿಪಾಠ ಮಾಡಿಕೊಂಡ ಮೇಲೆ
ಕೊರಳಿನಿಂದ ಇಳಿಸಿಕೊಳ್ಳುವರು;
ಕೆಂಪನ್ನು ತಿರುಗಿ ಕೊಟ್ಟು
ಜೋಳದ ಗಂಜಿಯಂಥ ತಿಳಿಯನ್ನು ಇಟ್ಟುಕೊಳ್ಳುವರು.

ಅಬೋಲಿ ಅಂತ ಒಂದಿತ್ತು, ಕಾಗದದಲ್ಲಿ ಇನ್ನೂರ ಹದಿನೇಳು.
ನಮ್ಮ ಅಬ್ಬಲಿಗೆ ಹೂವೇ ಅದು;
ಮಾತಾಡದವಳು ಅಂತಲೂ ಮರಾಠಿಯವರಿಗೆ ಕೇಳಿಸುತ್ತದೆ.
ಸೂಜಿಯ ದಿನ ಅಪ್ಪ ಅದರ ಕಿವಿಗೆ ಬಾಯಿಟ್ಟು
ಬೆಲ್ಲದ ಧಾರಣೆ, ಊರ ಬಸ್ಸು, ತನ್ನ ಮೊಣಕಾಲ ನೋವು,
ಎಲ್ಲ ಹೇಳುತ್ತಿದ್ದ.
ಮನೆಗೆ ಬರುವಷ್ಟರಲ್ಲಿ ಮಾತು ತೀರಿರುತ್ತಿತ್ತು.

ಒಮ್ಮೆ ಮಾತ್ರ, ಒಲೆಯ ಮುಂದೆ, ತಾನಾಗಿ:
'ಕುದುರಿ ಹೊಟ್ಟ್ಯಾಗ ಮರಿಗಿ ಈ ಕಾವಲಾ ಕೊಡಂಗಿಲ್ಲ ಬೇಟಾ.
ಎಲ್ಲಾ ಮೊದಲ್ನೇ ದಿನದ ಗಿಣ್ಣದಾಗ.
ಆ ದಿನ ತಪ್ತೋ, ಬಾಗ್ಲಾ ಮುಚ್ಚಿದಂಗ.'

ಮುಂಗೈಗೆ ಮೊದಲು ಒಂದು ಹನಿ. ಕಾದೆವು.
ತೊಗಲು ಜಗಳ ತೆಗೆಯಲಿಲ್ಲ.
ಆಮೇಲೆ ಒಂದೊಂದು ಹಲ್ಲಿನ ಗುರುತಿನ ಸುತ್ತಲೂ
ಸೂಜಿಯ ತುದಿಯಿಂದ ತುಂಬುತ್ತ ಬಂದೆ,
ನುಗ್ಗಿದ ದಾರಿಯಲ್ಲೇ ಪಹರೆ ನಿಲ್ಲಿಸಿದ ಹಾಗೆ.

'ಇದು ಜನ್ಮಪೂರ್ತಿ ಕಾಯ್ತದೇನ್ರೀ ಅಕ್ಕಾ?'
ಇಲ್ಲವ್ವಾ. ಮದುವೆಗೆ ಹೋಗುವಾಗ
ಪಕ್ಕದ ಮನೆಯಿಂದ ಕೇಳಿ ತಂದ ಬೋರಮಾಳ ಸರ ಇದು.
ಕೊರಳಿಗೆ ಬಿದ್ದ ಕ್ಷಣದಿಂದ ಹೊಳೆಯುತ್ತದೆ,
ಕೆಲವು ವಾರಕ್ಕೆ ಹೋಗಿಬಿಡುತ್ತದೆ.
ಅವನ ರಕ್ತ ಇದರಿಂದ ಒಂದಕ್ಷರವೂ ಕಲಿಯುವುದಿಲ್ಲ.
ಅದಕ್ಕೇ ಈ ಇನ್ನೊಂದು, ತೋಳಿಗೆ.
ಅವನದೇ ಸರ ಅವನೇ ಮಾಡಿಕೊಳ್ಳಲಿಕ್ಕೆ.
ಮೂರನೆಯ ದಿನ, ಏಳು, ಹದಿನಾಲ್ಕು, ಇಪ್ಪತ್ತೆಂಟು.

ಅವಳು ಬೆರಳು ಮಡಿಸಿದಳು:
'ಏಳನೇ ದಿನಾ ಸ್ಲ್ಯಾಬ್ ಅದ, ಹಿಂಜವಡಿಯಾಗ.
ಪಗಾರ ಹಿಡೀತಾನ್ರೀ ಮುಕಾದಮ.'
ನನ್ನ ಬಳಿ ಉತ್ತರವಿರಲಿಲ್ಲ.
ಚೀಟಿಯ ಮೇಲೆ ಏಳಕ್ಕೆ ಕೆಂಪು ಶಾಯಿ ಸುತ್ತಿದೆ,
ಕೆಳಗೆ ನನ್ನ ಮೊಬೈಲು ನಂಬರು.

ಹುಡುಗ ಹೆಗಲ ಮೇಲೆ ನಿದ್ದೆ ಹೋಗಿದ್ದ,
ಬಾಯಿ ತೆರೆದು, ಯಾರ ಪರಿವೆಯೂ ಇಲ್ಲದೆ.

ನೀಲಿ ಡಬ್ಬಿಗೆ ಹಾಕುವ ಮುಂಚೆ
ಖಾಲಿ ಬಾಟಲಿಯನ್ನು ಮೂಗಿಗೆ ಹಿಡಿದೆ.
ಹುಲ್ಲಿಲ್ಲ, ಲದ್ದಿಯಿಲ್ಲ, ಅಪ್ಪನ ಖಾಕಿ ಅಂಗಿಯಿಲ್ಲ.
ಔಷಧಿಯ ವಾಸನೆ, ಅಷ್ಟೆ.

ಬಾಗಿಲಿಗೆ ಹೋಗಿ ಟೋಕನ್ ಕೂಗಿದೆ:
ಇನ್ನೂರ ಹದಿ—
ಅಲ್ಲ. ನಲವತ್ತೊಂದು.