ಎಲ್ಲಿಗೆ ಹೋಗಿದ್ರಿ?

ಅಣವೀರಪ್ಪನ ಫೈಲಿನ್ಯಾಗ ಮೂರು ದವಾಖಾನಿ.
ಒಬ್ಬರು ಟೈಫಾಯ್ಡ್ ಅಂದಾರ,
ಇಬ್ಬರು ಬಿಸಿಲು. ಮೇ ತಿಂಗಳ ಕಲಬುರಗಿ,
ಬಿಸಿಲಿನ ಮ್ಯಾಲ ಏನು ಹೊರಿಸಿದರೂ ನಡೀತದ.

"ಚಳಿ ಬರ್ತದೇನ್ರಿ?"
"ಹಲ್ಲು ಕಟಕಟ. ಇಂಥಾ ಝಳದಾಗ ಎರಡು ರಗ್ಗು."
"ಎಲ್ಲಿಗೆ ಹೋಗಿದ್ರಿ?"
"ಎಲ್ಲೂ ಇಲ್ಲ. ಗಂಜ್, ಮನಿ."
ಬಾಗಿಲಾಗ ನಿಂತ ಹೆಂಡತಿ:
"ಮೊಜಾಂಬಿಕ್. ತೊಗರಿ ಸೌದಾಕ್ಕ. ಬಂದು ಹನ್ನೊಂದು ದಿನ."

ಅವನಿಗದು ಪ್ರವಾಸ ಅಲ್ಲ, ಸಂತಿ.

ಬೆರಳು ಚುಚ್ಚಿ
ಗಾಜಿನ ಮ್ಯಾಲ ಹನಿ ಹರವಿದೆ.
ಕೆಂಪು ಕಣದೊಳಗ ಸಣ್ಣ ಉಂಗುರ,
ಹರಳು ಕೂಡಿಸಿದ್ದು.

"ಕಾಳು ನೋಡಿ ಊರು ಹೇಳ್ತೀರಂತಲ್ಲ?"
"ಸೇಡಮ್ಮಿಂದೋ, ಹೊರಗಿಂದೋ, ಮುಟ್ಟಿದರ ಸಾಕು."
ಮೈಕ್ರೋಸ್ಕೋಪ್ ಅವನ ಕಡಿ ತಿರುವಿದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಇದು ನಮ್ಮ ಕಡೀದಲ್ಲ," ಅಂದ.