ಮೀಸೆಯ ಮೇಣ

ಫೆರಾರಾದ ಫೆಬ್ರವರಿ ಮಂಜು
ನಮ್ಮ ಔಷಧಿ ಅಂಗಡಿಯ ಹಸಿರು ಶಿಲುಬೆಯನ್ನೂ ನುಂಗಿತ್ತು.
ಬಾಗಿಲು ತಳ್ಳಿ ಬಂದವನು ಒತ್ತಾವಿಯೋ,
ಮೂಲೆಯ ಬ್ರೆಡ್ಡಿನ ಭಟ್ಟಿಯವನು,
ಹುಬ್ಬಿನಲ್ಲಿನ್ನೂ ಬೆಳಗಿನ ಹಿಟ್ಟು.

ತಗಡಿನ ಡಬ್ಬಿಯೊಂದನ್ನು ಗಾಜಿನ ಮೇಲಿಟ್ಟ,
ಕದ್ದ ಮಾಲು ಒಪ್ಪಿಸುವವನ ಹಾಗೆ.
"ನೀವೆಸ್, ನೋಡಮ್ಮ, ಇದರಲ್ಲಿ ಗೋಧಿ ಇದೆಯೇ?"
ನಲವತ್ತು ವರ್ಷ ಗಿರಣಿಯವರ ಹತ್ತಿರ
ಗೋಧಿಗೆ ಸತ್ವ ಸಾಲದೆಂದು ಜಗಳವಾಡಿದ ಬಾಯಿ ಅದು.

ಮೀಸೆಗೆ ಹಚ್ಚುವ ಮೇಣ.
ಅಕ್ಷರ ಇರುವೆಕಾಲಿನಷ್ಟು. ಭೂತಗನ್ನಡಿ ಹಿಡಿದು ಓದಿದೆ:
ಜೇನುಮೇಣ, ಲ್ಯಾನೊಲಿನ್, ಟ್ರಿಟಿಕಮ್ ವಲ್ಗಾರೆ...
"ಲ್ಯಾಟಿನ್ನೇ? ಅಮ್ಮನ ಮಣ್ಣಿನ ದಿನ ಕೇಳಿದ್ದೇ ಕೊನೆ.
ಏನು ಹಾಗೆಂದರೆ?"
"ಗೋಧಿ" ಎಂದೆ.

ಮೊಮ್ಮಗಳು ಜಿನೆವ್ರಾ, ಆರು ವರ್ಷ.
ಆಸ್ಪತ್ರೆಯಿಂದ ಬಂದಾಗಿನಿಂದ
ಅಜ್ಜನಿಗೆ ಕೆನ್ನೆ ಕೊಡುವುದಿಲ್ಲ, ಮೊಣಕೈ ಕೊಡುತ್ತಾಳೆ.

ನನಗೆ ಗೊತ್ತಿದ್ದದ್ದು ಹೇಳಿದೆ: ಚರ್ಮ ದಾಟಿ ಹೋಗುವುದಿಲ್ಲ ಅದು,
ಸಾಬೂನಿಗೆ ಹೆದರಬೇಡಿ, ಬಾಯಿಯ ಹಾದಿ ಮಾತ್ರ ಕಾಯಬೇಕು,
ತುಟಿಯ ಬಣ್ಣ, ಹಲ್ಲಿನ ಪೇಸ್ಟು, ಮುತ್ತಿಡುವ ಜಾಗ.
ಅವನು ಕೇಳಿಸಿಕೊಂಡದ್ದು ಕೊನೆಯದೊಂದನ್ನೇ.

ಬೇರೆ ಮೇಣ ಹುಡುಕಿದೆವು. ಒಂದರ ಮೇಲೆ ಏನೂ ಬರೆದಿರಲಿಲ್ಲ.
ಇನ್ನೊಂದರ ಕಂಪನಿಗೆ ಫೋನು ಮಾಡಿದರೆ
ಹೆಣ್ಣುದನಿಯೊಂದು ಬಲು ವಿನಯದಿಂದ: "ಖಾತ್ರಿ ಕೊಡಲಾರೆವು."
ಮೂರನೆಯದಕ್ಕೆ ಗುಲಾಬಿ ವಾಸನೆ. ಮೂಸಿ ಕೆಳಗಿಟ್ಟ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ ಜಟ್ಟಿಗಳು,
ಮಣ್ಣಾದರೆ ಕೊಡವಿಕೊಳ್ಳಬಹುದು,
ಹಿಟ್ಟಾದರೆ?

ಒಂದು ರೇಜರು ಕೊಂಡು ಹೋದ.

ಮುಂದಿನ ಶನಿವಾರ ಯಾರೋ ಹೊಸಬ ಅಂದುಕೊಂಡೆ.
ಮೂಗಿನ ಕೆಳಗೆ ಬಿಸಿಲು ಕಾಣದ ಚರ್ಮದ ಪಟ್ಟಿ,
ಈಗಷ್ಟೇ ನಾದಿಟ್ಟ ಕಣಕ (ಛೆ,
ಬೇರೆ ಹೋಲಿಕೆಯೇ ಸಿಗುತ್ತಿಲ್ಲ ನನಗೆ).
ಬೆರಳು ಹಿಡಿದುಕೊಂಡು ಜಿನೆವ್ರಾ.
ಕಾರ್ನಿವಾಲಿಗೆ ಮುಖದ ಬಣ್ಣ ಬೇಕಂತೆ.

ಈಗ ಅಜ್ಜನೇ ಓದುತ್ತಾನೆ, ಬೆರಳಿಟ್ಟು, ತಡವರಿಸಿ:
ಹೋರ್ಡಿಯಮ್ ಇಲ್ಲ. ಸೆಕಾಲೆ ಇಲ್ಲ. ಟ್ರಿಟಿಕಮ್ ಇಲ್ಲ.
ಒಂದೊಂದಕ್ಕೂ ಅವಳು "ಆಮೆನ್" ಅನ್ನುತ್ತಾಳೆ.

"ಯಾವ ವೇಷ, ಪುಟ್ಟಿ?"
ಉತ್ತರವಿಲ್ಲ. ಕಪ್ಪು ಕಡ್ಡಿಯ ಮುಚ್ಚಳ ತೆಗೆದು
ನನ್ನ ಕನ್ನಡಿಯೆದುರು ತುಟಿಯ ಮೇಲೊಂದು ಗೆರೆ ಎಳೆದಳು,
ಎರಡೂ ತುದಿ ಮೇಲಕ್ಕೆ ತಿರುವಿ.
ಆಮೇಲೆ ಅಜ್ಜನ ಕಡೆ ತಿರುಗಿ, "ಬಗ್ಗು."

ಬಗ್ಗಿದ.
ಎಡಗಡೆಯದು ಚೆನ್ನಾಗಿ ಬಂತು.
ಬಲಗಡೆಯದು, ಅವನು ಅಲುಗಿಬಿಟ್ಟ ನೋಡಿ,
ಕಿವಿಯವರೆಗೂ ಹೋಯಿತು.

ಏಳು ಯೂರೋ ಆಯಿತು. ಚಿಲ್ಲರೆ ಇಲ್ಲೇ ಇದೆ.