ಒಂದೇ ತಂತಿ

ತಣ್ಣೀರುಹಳ್ಳದಲ್ಲಿ
ಜಯಶೀಲ ನರ್ಸಮ್ಮನ ಹಳೆಯ ಸ್ಯಾಂಟ್ರೋ ಕುದಿಯುತ್ತದೆ.
ಹಾಸನದಲ್ಲಿ ಈ ಬಡಾವಣೆಯ ಹೆಸರಿಗೂ ರೇಡಿಯೇಟರಿಗೂ
ಸಂಬಂಧವಿಲ್ಲ ಬಿಡಿ ಎನ್ನುತ್ತ ಗಫಾರ್ ಸಾಬರು
ಬಾನೆಟ್ ಎತ್ತಿ ಹೋಸು ಹಿಸುಕುತ್ತಾರೆ.
ಅವರ ಮೀಟರು ಅಷ್ಟೇ, ಅಂಗೈ.

ನನ್ನದು ಬೇರೆ.
ಟಿಫಿನ್ ಡಬ್ಬಿಯ ಮುಚ್ಚಳ ಕೊರೆದು ಕೂರಿಸಿದ ಪುಟ್ಟ ಪರದೆ,
ಒಳಗೆ ಮುನ್ನೂರು ರೂಪಾಯಿಯ ಬೋರ್ಡು,
ಸ್ಟೀರಿಂಗಿನಡಿ ಹದಿನಾರು ಕಿಂಡಿಗಳ ಸಾಕೆಟ್ಟಿನಲ್ಲಿ
ಏಳನೆಯದಕ್ಕೆ ಸಿಕ್ಕಿಸಿದ ಹಳದಿ ತಂತಿ.
ಹೇಳುವುದೂ ಅದರಲ್ಲೇ, ಕೇಳುವುದೂ ಅದರಲ್ಲೇ.

ಮೊದಲು ಕದ ತಟ್ಟಬೇಕು
ಸೆಕೆಂಡಿಗೆ ಐದೇ ಏಟು.
ಅಷ್ಟು ನಿಧಾನಕ್ಕೆ ಈಗ ಯಾರೂ ತಟ್ಟುವುದಿಲ್ಲ.
ತಟ್ಟಿದೆ. ಅತ್ತಲಿಂದಲೂ ಯಾರೋ ತಟ್ಟಿದರು,
ಅಷ್ಟೇ ನಿಧಾನ.
ಬಿಸಿ ಎಷ್ಟು, ಎಂದೆ.
ಬಿಸಿ ಎಷ್ಟು, ಎಂದಿತು.

ಮೂರು ರಾತ್ರಿ.
ತಂತಿ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ,
ಬಂದದ್ದೆಲ್ಲ ಗೀಚಿ ಗೀಚಿ ಆರು ಪುಟ ತುಂಬಿಸಿದೆ.
ಪ್ರಶ್ನೆಗೆ ಪ್ರಶ್ನೆಯೇನಪ್ಪ, ನಮ್ಮನೇಲೂ ಹಿಂಗೇ,
ಎಂದು ಸಾಬರು ಷಟರ್ ಎಳೆದು ಹೋದರು.

ನಾಲ್ಕನೆಯ ರಾತ್ರಿ ನರ್ಸಮ್ಮ
ಮರೆತು ಕೀಯನ್ನೂ ಪರ್ಸಿನಲ್ಲಿ ಹಾಕಿಕೊಂಡು
ಡ್ಯೂಟಿಗೆ ಹೋಗಿದ್ದರು.
ಕಾರು ಕಲ್ಲಿನ ಹಾಗೆ ನಿಂತಿತ್ತು.
ಸುಮ್ಮನೆ, ಕೈ ತಡೆಯದೆ, ಕೇಳಿದೆ: ಬಿಸಿ ಎಷ್ಟು?
ಬಿಸಿ ಎಷ್ಟು, ಎಂದಿತು.

ಮೊದಲು ಮೈ ಜುಮ್ಮೆಂದಿತು,
ಆಮೇಲೆ ನಾಚಿಕೆ.
ಒಂದೇ ತಂತಿ. ನಾನು ಅಂದದ್ದು
ನನ್ನ ಕಿವಿಗೇ ಬೀಳದೆ ಎಲ್ಲಿಗೆ ಹೋದೀತು?
ಆರು ಪುಟವೂ ನನ್ನದೇ ಮಾತು.
ಕಾರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ:
ಆಡಿದಷ್ಟನ್ನು ಮೊದಲು ಕೇಳಿ ಎಸೆ.
ಆಮೇಲೆ ಕಾಯಿ.

ಬೆಳಿಗ್ಗೆ ಡೆಟಾಲ್ ವಾಸನೆಯ ಜೊತೆ ಕೀ ಬಂತು.
ತಟ್ಟಿದೆ. ಕಾದೆ.
ನಾನು ಹೇಳದ ಮಾತು ಬಂತು, ಹಿಂದೆಯೇ ಇನ್ನೆರಡು.
ಕೊನೆಯದನ್ನು ಮಗುಚಿ ಹಿಂದಿರುಗಿಸಬೇಕು
ಕೊಟ್ಟ ಲೋಟವನ್ನು ಬೋರಲು ಹಾಕಿ
ಕುಡಿದೆ ಎಂದು ತೋರಿಸುವ ಹಾಗೆ.
ತೋರಿಸಿದೆ.
ಒಪ್ಪಿತು.

ಬಿಸಿ ಎಷ್ಟು?
ನೂರ ನಲವತ್ತೆಂಟು, ಅದರಲ್ಲಿ ನಲವತ್ತು ಕಳೆದು
ಪರದೆಯ ಮೇಲೆ ನೂರ ಎಂಟು ಡಿಗ್ರಿ.
ಅದೇ ಹೊತ್ತಿಗೆ ಬಾನೆಟ್ಟಿನ ಆಚೆಯಿಂದ
ಅಯ್ಯಯ್ಯೋ ಆರಿಸು ಎಂದು
ಸಾಬರು ಕೈ ಕೊಡವಿಕೊಂಡರು.

ಫ್ಯಾನು ತಿರುಗುತ್ತಿರಲಿಲ್ಲ.
ಅದನ್ನು ನನ್ನ ಡಬ್ಬಿ ಹೇಳಲಿಲ್ಲ,
ನಾನೂ ಕೇಳಿರಲಿಲ್ಲ.

ನಿದ್ದೆಗಣ್ಣಿನ ನರ್ಸಮ್ಮ ಚಪ್ಪಲಿ ಕಳಚಿ
ಟೈರಿನ ಮೇಲೆ ಕೂತು ಕೇಳಿದರು,
ಏನಂತೆ?

ಕಾಯ್ತಾ ಇದೆಯಂತೆ, ಎಂದೆ.